ಬಳಕೆಯ ವಸ್ತುಗಳಲ್ಲಿ ಸರಳತೆ
(ಮಠದ ಮಹೋತ್ಸವದ ಅಂಗವಾಗಿ ನೆರೆದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನಾನೂ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾದಾಗ, ವ್ಯಾಕರಣಶಾಸ್ತ್ರದ ಯಾವುದಾದರೊಂದು ವಿಷಯವನ್ನು ಎತ್ತಿಕೊಂಡರಾಯಿತೆಂದು ಎಣಿಸಿದ್ದೆನು. ಮೂವತ್ತು ವರ್ಷಗಳಿಂದ ಪಾಠಶಾಲೆಯಲ್ಲಿ ಅದನ್ನೇ ಹೇಳಿಕೊಡುತ್ತ ಬಂದಿರುವವನಿಗೆ ಬೇರೆ ಬಂಡವಾಳವಾದರೂ ಎಲ್ಲಿಯದು? ಆದರೆ ಕಳೆದ ಚೈತ್ರಮಾಸದಲ್ಲಿ ನಮ್ಮ ಮಠದ ಅಂಗಳದಲ್ಲಿಯೇ ನಡೆದ ಒಂದು ಸಂಗತಿಯು ನನ್ನ ಶಾಸ್ತ್ರವನ್ನೇ ಪರೀಕ್ಷೆಗೆ ಒಡ್ಡಿತು. ಆ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಲಿಲ್ಲವೆಂಬುದನ್ನು ಮೊದಲೇ ಬಿನ್ನವಿಸಿಕೊಂಡು, ನಾವು ನಿತ್ಯವೂ ಬಳಸುವ ವಸ್ತುಗಳಲ್ಲಿಯೂ ಯಂತ್ರಗಳಲ್ಲಿಯೂ ಇರತಕ್ಕ ಸರಳತೆಯನ್ನು ಕುರಿತು ಇಂದು ಮಾತನಾಡುವೆನು.

ನಮ್ಮ ಪ್ರಸಾದನಿಲಯಕ್ಕೂ ದಾಸೋಹದ ಅಡಿಗೆಮನೆಗೂ ನೀರೊದಗಿಸುವ ಕೊಳವೆಬಾವಿಗೆ ಎರಡು ವರ್ಷಗಳ ಹಿಂದೆ ಹೊಸ ಪ್ಯಾನೆಲ್ ಬೋರ್ಡನ್ನು ಕೂಡಿಸಿದುದು ತಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಹಸಿರು ಗುಂಡಿಯೊಂದು, ಕೆಂಪು ಗುಂಡಿಯೊಂದು ಇದ್ದ ಹಳೆಯ ಸ್ಟಾರ್ಟರನ್ನು ಕಿತ್ತುಹಾಕಿ, ಮೊಬೈಲಿನಿಂದಲೇ ನೀರು ಹಾಯಿಸಬಹುದಾದ ಈ ಬೋರ್ಡನ್ನು ತರಬೇಕೆಂದು ಸಮಿತಿಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ವಾದಿಸಿದವನು ನಾನೇ. "ಒಂದೇ ಒಂದು ಗುಂಡಿ, ಇದಕ್ಕಿಂತ ಸರಳವಾದುದು ಮತ್ತಾವುದಿದೆ?" ಎಂಬುದು ಅಂದಿನ ನನ್ನ ಮಾತು. ಕಳೆದ ಚೈತ್ರದಲ್ಲಿ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಆ ಬೋರ್ಡಿನ ದೀಪವು ಆರಿಹೋಯಿತು. ಊರಿನ ವಿದ್ಯುತ್ ಕೆಲಸದವನು ಬಂದು ನೋಡಿ, ಪೆಟ್ಟಿಗೆಯು ಮುದ್ರೆಹಾಕಿದ್ದು, ತಾನು ಬಿಚ್ಚುವಂತಿಲ್ಲವೆಂದನು. ನಗರದಿಂದ ಬರತಕ್ಕವನು ಮೂರು ದಿನ ಬರಲಿಲ್ಲ. ಬಂದವನು ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಹೇಳಿ ಹೋದನು.

ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ಅಂಗಳದ ಬೇವಿನ ಮರದ ಬುಡದಲ್ಲಿ ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದೆ ನಿಂತಿದ್ದ ಕೈಪಂಪು. ನಮ್ಮ ಜನರು 'ಬೋರಿಂಗು' ಎಂದು ಕರೆಯುವ ಅದೇ ಯಂತ್ರ. ದಾಸೋಹದ ಅಡಿಗೆಯ ಅಜ್ಜನವರು ಪಾನಾ ಹಿಡಿದು ಬಂದು ಅದರ ನೆತ್ತಿಯ ಮುಚ್ಚಳವನ್ನು ಬಿಚ್ಚಿ, ತುಕ್ಕುಹಿಡಿದ ಬೋಲ್ಟೊಂದನ್ನು ಬದಲಿಸಿ, ಸರಪಳಿಗೆ ಗ್ರೀಸು ಸವರಿ, ಹಿಡಿಕೆಯನ್ನು ಒಂದಷ್ಟು ಹೊತ್ತು ಜಗ್ಗಲು, ಕೆಂಪುನೀರು ಬಂದು ಬಳಿಕ ತಿಳಿನೀರು ಬಂದಿತು. ಹುಡುಗರು ಸಾಲುನಿಂತು ಕೊಡ ತುಂಬಿಕೊಂಡರು. ಆಗ ಅಜ್ಜನವರು ಗೋಡೆಯ ಮೇಲಿನ ಬೋರ್ಡನ್ನು ತೋರಿಸಿ ನನ್ನನ್ನು ಕೇಳಿದರು: "ಶಾಸ್ತ್ರಿಗಳ, ಇದರ ಹೊಟ್ಟ್ಯಾಗ ಏನೈತಂತ ನಿಮಗ ಗೊತ್ತೈತೇನ್ರಿ?" ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಉಪನ್ಯಾಸವೆಲ್ಲವೂ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ತಾವು ಭಾವಿಸಬೇಕು.

ನನ್ನ ತಪ್ಪು ಎಲ್ಲಿಯದು? ಅದು ವ್ಯಾಕರಣದಲ್ಲಿಯೇ ಇದ್ದಿತು. ವೈಯಾಕರಣರು ಲಾಘವವನ್ನು ಬಹಳವಾಗಿ ಮೆಚ್ಚತಕ್ಕವರು. ಸೂತ್ರದಲ್ಲಿ ಅರ್ಧಮಾತ್ರೆಯಷ್ಟು ಉಳಿತಾಯವಾದರೂ ಮನೆಯಲ್ಲಿ ಗಂಡುಮಗು ಹುಟ್ಟಿದಷ್ಟು ಹಿಗ್ಗುವರೆಂದು ಅವರನ್ನು ಕುರಿತು ಹೇಳುವುದುಂಟು. ಪಾಣಿನಿಯು ಸುಮಾರು 4000 ಸೂತ್ರಗಳಲ್ಲಿ ಸಂಸ್ಕೃತಭಾಷೆಯನ್ನೆಲ್ಲ ಬಿಗಿದಿಟ್ಟನು. ಕಂಠಪಾಠ ಮಾಡುವವನಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಸೂತ್ರವು ಚಿಕ್ಕದಾದ ಮಾತ್ರಕ್ಕೆ ಸುಲಭವಾಯಿತೆ? ವೃತ್ತಿಯಿಲ್ಲದೆ, ಗುರುವಿಲ್ಲದೆ ಅದು ಒಬ್ಬನಿಗೂ ಬಾಯಿಬಿಡುವುದಿಲ್ಲ. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ಕಂದಪದ್ಯಗಳಲ್ಲಿ ಸೂತ್ರಗಳನ್ನು ಹೇಳಿ, ಅವುಗಳ ಕೆಳಗೆ ತಾನೇ ವೃತ್ತಿಯನ್ನೂ ಬರೆದಿಟ್ಟನು. ಓದುವವನು ಪಡಬೇಕಾದ ಕಷ್ಟದಲ್ಲಿ ಒಂದು ಪಾಲನ್ನು ಬರೆಯುವವನೇ ಹೊತ್ತುಕೊಂಡಂತಾಯಿತು.

ಲಾಘವವೇ ಬೇರೆ, ಸರಳತೆಯೇ ಬೇರೆ. ಮೇಲೆ ಕಾಣುವ ಗುಂಡಿಗಳು ಕಡಿಮೆಯಾಗುವುದು ಲಾಘವ. ಒಳಗಿನ ಕೆಲಸವು ಬಳಸುವವನ ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಇರುವುದು ಸರಳತೆ. ಒಂದೇ ಗುಂಡಿಯ ಪ್ಯಾನೆಲ್ ಬೋರ್ಡು ವೃತ್ತಿಯಿಲ್ಲದ ಸೂತ್ರದಂತಿರುವುದು. ಅದರ ವ್ಯಾಖ್ಯಾನಕಾರನು ಇರುವುದು ನಗರದಲ್ಲಿ. ಅಜ್ಜನವರ ಕೈಪಂಪಾದರೋ ತನ್ನ ವೃತ್ತಿಯನ್ನು ಮುಚ್ಚಳದ ಕೆಳಗೇ ಇಟ್ಟುಕೊಂಡಿರುವುದು. ಇಷ್ಟನ್ನು ಗುರುತಿಸದೆ ನಾನು ಲಾಘವವನ್ನೇ ಸರಳತೆಯೆಂದು ಭ್ರಮಿಸಿದೆನು.

ಆ ಕೈಪಂಪಿನ ಚರಿತ್ರೆಯು ಸ್ವಾರಸ್ಯವಾಗಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು. 1966-67ರಲ್ಲಿ ಬಿಹಾರ ಮೊದಲಾದ ಕಡೆಗಳಲ್ಲಿ ಭೀಕರವಾದ ಬರಗಾಲ ಬಿದ್ದ ಬಳಿಕ, ಗಟ್ಟಿಕಲ್ಲಿನ ನೆಲದಲ್ಲಿಯೂ ಯಂತ್ರಗಳಿಂದ ಕೊಳವೆಬಾವಿಗಳನ್ನು ಕೊರೆಯುವ ಕೆಲಸವು ನಮ್ಮ ದೇಶದಲ್ಲಿ ಭರದಿಂದ ಸಾಗಿತು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯೂನಿಸೆಫ್ ಇದಕ್ಕೆ ನೆರವಾಯಿತು. ಬಾವಿಗಳೇನೋ ಆದವು, ಆದರೆ ಅವುಗಳ ಮೇಲೆ ಕೂಡಿಸಿದ ಎರಕದ ಕಬ್ಬಿಣದ ಪಂಪುಗಳು ಒಂದು ಮನೆಯ ಬಳಕೆಗೆ ತಕ್ಕವಾಗಿದ್ದವೇ ಹೊರತು, ಊರಿಗೆ ಊರೇ ಮುಂಜಾನೆಯಿಂದ ಸಂಜೆಯವರೆಗೆ ಜಗ್ಗುವುದಕ್ಕೆ ತಕ್ಕವಾಗಿರಲಿಲ್ಲ. ಕೀಲುಗಳು ಸವೆದು, ಹಿಡಿಕೆಗಳು ಮುರಿದು, ಸಾವಿರಾರು ಬಾವಿಗಳು ನೀರಿದ್ದೂ ಇಲ್ಲದಂತಾದವು.

ಇದಕ್ಕೆ ಪರಿಹಾರವು ಮೊದಲು ತೋರಿದ್ದು ದೊಡ್ಡ ಪ್ರಯೋಗಶಾಲೆಗಳಲ್ಲಿ ಅಲ್ಲ. ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರಗಳಲ್ಲಿ ಹಳ್ಳಿಗಳ ನೀರಿನ ಕೆಲಸದಲ್ಲಿ ತೊಡಗಿದ್ದ ಕ್ರೈಸ್ತ ಮಿಷನ್ನಿನವರ ಕಾರ್ಯಶಾಲೆಗಳಲ್ಲಿ ಅದು ಮೈದಾಳಿತು. ಸೊಲ್ಲಾಪುರವೆಂದರೆ ನಮಗೆ ಸೊನ್ನಲಿಗೆ; ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ಕ್ಷೇತ್ರ. ನೀರಿನ ಕಾಯಕಕ್ಕೆ ಹೆಸರಾದ ಆ ನೆಲದಲ್ಲಿಯೇ, ಎಂಟುನೂರು ವರ್ಷಗಳು ಕಳೆದ ಮೇಲೆ, ಬೇರೊಂದು ಧರ್ಮದವರ ಕೈಯಿಂದ ಅದೇ ಕಾಯಕವು ಮುಂದುವರಿಯಿತೆಂಬುದನ್ನು ನೆನೆದರೆ ಮನಸ್ಸು ತುಂಬಿಬರುವುದು. ಸೊಲ್ಲಾಪುರದ ಪಂಪನ್ನು ಆಧಾರವಾಗಿಟ್ಟುಕೊಂಡು, ಮದರಾಸಿನ ಇಂಜಿನಿಯರುಗಳು ಯೂನಿಸೆಫಿನೊಡನೆ ಕೂಡಿ 1970ರ ದಶಕದಲ್ಲಿ ಅದನ್ನು ತಿದ್ದಿ ತೀಡಿದರು. ಹೀಗೆ ಸಿದ್ಧವಾದುದೇ 'ಇಂಡಿಯಾ ಮಾರ್ಕ್ 2' ಎಂಬ ಕೈಪಂಪು.

ಇದರಲ್ಲಿರುವ ಉಪಾಯವನ್ನು ನೋಡಿರಿ. ಹಿಡಿಕೆಯನ್ನು ಒತ್ತಿದಾಗ ಅದರ ತುದಿಯು ಕಮಾನಿನಂತೆ ಬಾಗಿದ ದಾರಿಯಲ್ಲಿ ಚಲಿಸುವುದು. ಬಾವಿಯೊಳಗಿನ ಕಬ್ಬಿಣದ ಸರಳಾದರೋ ನೆಟ್ಟನೆ ಮೇಲಕ್ಕೂ ಕೆಳಕ್ಕೂ ಚಲಿಸಬೇಕು. ವಕ್ರಗತಿಯನ್ನು ಋಜುಗತಿಯಾಗಿ ಮಾಡುವುದಕ್ಕೆ ಹಿಂದಿನ ಪಂಪುಗಳಲ್ಲಿ ಹಲವು ಕೀಲುಗಳಿದ್ದವು, ಸವೆಯುತ್ತಿದ್ದುದೂ ಅವೇ. ಹೊಸ ಪಂಪಿನಲ್ಲಿ ಆ ಕೀಲುಗಳನ್ನು ತೆಗೆದುಹಾಕಿ, ಹಿಡಿಕೆಯ ತಲೆಗೆ ಗಾಲಿಯ ತುಣುಕಿನಂತಹ ಒಂದು ಬಾಗಿದ ಅಂಚನ್ನು ಕೊಟ್ಟು, ಅದರ ಮೇಲಿಂದ ಸೈಕಲ್ಲಿನ ಚೈನಿನಂತಹ ಒಂದು ಸರಪಳಿಯನ್ನು ಇಳಿಬಿಟ್ಟರು. ರಾಟೆಯ ಮೇಲಿನ ಹಗ್ಗವು ಹೇಗೆ ಯಾವಾಗಲೂ ನೆಟ್ಟಗೆ ಇಳಿಯುವುದೋ ಹಾಗೆಯೇ ಈ ಸರಪಳಿಯೂ ಸರಳನ್ನು ನೆಟ್ಟಗೆ ಎಳೆಯುವುದು. ಸರಪಳಿಯು ಎಳೆಯಬಲ್ಲುದು, ನೂಕಲಾರದು. ಕೆಳಗಿಳಿಯುವ ಕೆಲಸವನ್ನು ಸರಳುಗಳ ಸ್ವಂತ ಭಾರವೇ ಮಾಡುವುದು. ಆ ಭಾರವನ್ನು ಸರಿದೂಗಿಸಲೆಂದು ಹಿಡಿಕೆಯನ್ನು ಗಟ್ಟಿ ಉಕ್ಕಿನಿಂದ ಮಾಡಿರುವರು. ಆದುದರಿಂದ ಸುಮಾರು 45 ಮೀಟರು ಆಳದ ನೀರನ್ನು ಹತ್ತು ವರ್ಷದ ಹುಡುಗಿಯೂ ಎತ್ತಬಲ್ಲಳು. 'ಸರಳ'ವೆಂಬ ಸಂಸ್ಕೃತಶಬ್ದಕ್ಕೆ 'ವಕ್ರವಿಲ್ಲದ್ದು, ನೆಟ್ಟಗಿರುವುದು' ಎಂಬುದೇ ಮೊದಲ ಅರ್ಥ. ಈ ಯಂತ್ರವು ಆ ಅರ್ಥದಲ್ಲಿಯೂ ಸರಳವೇ.

ಇನ್ನೊಂದು ಸಂಗತಿ. ಈ ಪಂಪಿನ ರಚನೆಯ ಮೇಲೆ ಯಾರೊಬ್ಬರೂ ಒಡೆತನದ ಹಕ್ಕನ್ನು ಇಟ್ಟುಕೊಳ್ಳಲಿಲ್ಲ. ಅಳತೆಗಳೆಲ್ಲ ಬಹಿರಂಗವಾದವು, ಯಾವ ಕಾರ್ಖಾನೆಯವರಾದರೂ ಮಾಡಬಹುದಾಯಿತು, ಒಂದು ಕಾರ್ಖಾನೆಯ ಬಿಡಿಭಾಗವು ಇನ್ನೊಂದರ ಪಂಪಿಗೆ ಹೊಂದುವಂತಾಯಿತು. 1990ರ ದಶಕದ ನಡುವಿನ ಹೊತ್ತಿಗೆ ಇಂತಹ ಸುಮಾರು 50 ಲಕ್ಷ ಪಂಪುಗಳು ತಯಾರಾಗಿ, ನಮ್ಮ ದೇಶವನ್ನು ದಾಟಿ ಆಫ್ರಿಕಾ ಖಂಡದ ಹಳ್ಳಿಗಳಿಗೂ ಹೋದವು. ತಾನು ಕಂಡ ಉಪಾಯವನ್ನು ತನ್ನದೆನ್ನದೆ ಸಮಾಜಕ್ಕೆ ಸಲ್ಲಿಸುವುದಕ್ಕೆ ನಾವು ದಾಸೋಹವೆಂದು ಹೆಸರಿಟ್ಟಿರುವೆವಲ್ಲವೆ?

ಹಾಗೆಂದು ಈ ಪಂಪಿನಲ್ಲಿ ಕೊರತೆಯೇ ಇರಲಿಲ್ಲವೆಂದು ಹೇಳುವಂತಿಲ್ಲ. ಮೇಲಿನ ಭಾಗವನ್ನು ಅಡಿಗೆಯ ಅಜ್ಜನವರು ಸರಿಪಡಿಸಬಲ್ಲರು. ಕೆಳಗಡೆ ನೀರಿನಲ್ಲಿರುವ ವಾಷರು ಸವೆದರೆ, ಕೊಳವೆಯ ಸಾಲನ್ನೇ ಮೇಲಕ್ಕೆತ್ತಬೇಕು. ಅದಕ್ಕೆ ನಾಲ್ಕಾರು ಆಳುಗಳು, ಹತಾರಗಳು, ಬಂಡಿ ಎಲ್ಲವೂ ಬೇಕು. ಇದನ್ನರಿತ ಇಂಜಿನಿಯರುಗಳು ಬಳಿಕ 'ಮಾರ್ಕ್ 3' ಎಂಬುದನ್ನು ಮಾಡಿದರು. ಅದರಲ್ಲಿ ಕೊಳವೆಯನ್ನು ಅಗಲವಾಗಿಸಿ, ಒಳಗಿನ ಪಿಸ್ಟನ್ನನ್ನು ಸರಳುಗಳೊಡನೆಯೇ ಮೇಲಕ್ಕೆ ಎಳೆದುಕೊಳ್ಳುವಂತೆ ಮಾಡಿರುವರು. ಬಳಸುವುದಕ್ಕೆ ಸರಳವಾದರೆ ಸಾಲದು, ಕೆಟ್ಟಾಗ ಸರಿಪಡಿಸುವುದಕ್ಕೂ ಸರಳವಾಗಿರಬೇಕೆಂಬ ವಿವೇಕವು ಅವರಿಗೆ ಅನುಭವದಿಂದ ಬಂದಿತು.

ಇಲ್ಲಿ ತಾಯಂದಿರು ಒಂದು ಮಾತನ್ನು ಕೇಳಬಹುದು: "ಹಾಗಾದರೆ ಹಳೆಯದೆಲ್ಲವೂ ಸರಳ, ಹೊಸದೆಲ್ಲವೂ ತೊಡಕು ಎನ್ನುವಿರೇನು?" ಖಂಡಿತವಾಗಿಯೂ ಇಲ್ಲ. ಮೂರು ಕಲ್ಲುಗಳ ಒಲೆಗಿಂತ ಸರಳವಾಗಿ ಕಾಣುವ ವಸ್ತುವು ಲೋಕದಲ್ಲಿ ಯಾವುದಿದೆ? ಕೆಟ್ಟುಹೋಗುವ ಭಯವಿಲ್ಲ, ಖರ್ಚಿಲ್ಲ. ಆದರೆ ಅದರ ಹೊಗೆಯು ಹೋದುದೆಲ್ಲಿಗೆ? ನನ್ನ ತಾಯಿಯ ಕಣ್ಣುಗಳಿಗೆ, ಎದೆಗೆ. ಸೌದೆಯ ಉರಿಯ ಬಹುಪಾಲು ಪಾತ್ರೆಗೆ ತಾಗದೆ ಬಯಲಾಗುತ್ತಿದ್ದುದರಿಂದ, ಹೆಚ್ಚಿನ ಸೌದೆಯನ್ನು ತಲೆಯ ಮೇಲೆ ಹೊತ್ತು ತರತಕ್ಕವಳೂ ಆಕೆಯೇ. ಅದು ಸರಳವಾಗಿದ್ದಿತೆಂದು ಹೇಳತಕ್ಕವರು ಅದರ ಮುಂದೆ ಕುಳಿತು ಊದದವರು ಮಾತ್ರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿದುದು ಹಳ್ಳಿಗಳ ಇಂತಹ ಕಷ್ಟಗಳಿಗೆ ವಿಜ್ಞಾನವನ್ನು ಅನ್ವಯಿಸುವುದಕ್ಕಾಗಿಯೇ. ಅಲ್ಲಿಯವರು ಒಂದೇ ಬೆಂಕಿಯಿಂದ ಮೂರು ಪಾತ್ರೆಗಳು ಕಾಯುವಂತೆ, ಹೊಗೆಯು ಕೊಳವೆಯ ಮೂಲಕ ಮಾಡಿನ ಹೊರಗೆ ಹೋಗುವಂತೆ ಮಣ್ಣಿನದೇ ಒಲೆಯನ್ನು ರೂಪಿಸಿದರು. 1980ರ ದಶಕದಲ್ಲಿ 'ಅಸ್ತ್ರ ಒಲೆ'ಯು ಕರ್ನಾಟಕದ ಅನೇಕ ಮನೆಗಳನ್ನು ಸೇರಿತು. ಮೂರು ಕಲ್ಲುಗಳಿಗಿಂತ ಅದನ್ನು ಕಟ್ಟುವುದು ಕಷ್ಟ. ಗಾಳಿಯ ಕಿಂಡಿ, ಉರಿಯ ದಾರಿ, ಪಾತ್ರೆಯ ಅಳತೆ ಎಲ್ಲವೂ ಲೆಕ್ಕದಲ್ಲಿರಬೇಕು. ಆದರೆ ಆ ಲೆಕ್ಕದ ಕಷ್ಟವನ್ನು ವಿದ್ವಾಂಸರು ತಾವು ಹೊತ್ತು, ಅಡಿಗೆ ಮಾಡುವವಳ ಕಷ್ಟವನ್ನು ಇಳಿಸಿದರು. ಈಗ ಬಹಳ ಮನೆಗಳಲ್ಲಿಯೂ ನಮ್ಮ ದಾಸೋಹದಲ್ಲಿಯೂ ಗ್ಯಾಸಿನ ಒಲೆಗಳು ಬಂದಿರುವುವು. ತಾಯಂದಿರು ಇದಕ್ಕಾಗಿ ಸಂತೋಷಪಟ್ಟರೆ ನಾನೂ ಸಂತೋಷಪಡುವೆನು. ಹಾಗೆಯೇ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಊರುಗಳಲ್ಲಿ ಕೈಪಂಪನ್ನು ಹೊಗಳುತ್ತ ಕುಳಿತರೆ ಮಕ್ಕಳ ಹಲ್ಲುಗಳೂ ಮೂಳೆಗಳೂ ಕೆಡುವುವು. ಅಲ್ಲಿ ಶುದ್ಧನೀರಿನ ಘಟಕವು ಎಷ್ಟೇ ತೊಡಕಿನದಾದರೂ ಬೇಕೇ ಬೇಕು.

ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಯು ಒಂದೇ: ಇದರ ಭಾರವನ್ನು ಹೊರುವವರಾರು? ಕಷ್ಟವೆಂಬುದು ಯಾವ ವಸ್ತುವಿನಿಂದಲೂ ಪೂರ್ಣವಾಗಿ ಮಾಯವಾಗುವುದಿಲ್ಲ. ಮಾಡುವವನು ಅದನ್ನು ತಾನು ಹೊತ್ತರೆ ಬಳಸುವವನಿಗೆ ಹಗುರ. ಮಾಡುವವನು ಆಲೋಚಿಸದೆ ಬಿಟ್ಟರೆ ಬಳಸುವವನಿಗೆ ಭಾರ. ಮುದ್ರೆಹಾಕಿದ ಪೆಟ್ಟಿಗೆಯಲ್ಲಿ ಬಚ್ಚಿಟ್ಟರೆ, ಕೆಟ್ಟ ದಿನ ಅದೆಲ್ಲವೂ ಒಟ್ಟಿಗೆ ನಮ್ಮ ತಲೆಯ ಮೇಲೆ ಬೀಳುವುದು. ಸರಳವಾದ ವಸ್ತುವನ್ನು ಕಂಡಾಗ ನಮ್ಮ ಮನಸ್ಸು ಕಾರಣವರಿಯದೆಯೇ ಅದರತ್ತ ಒಲಿಯುವುದು. ನಮಗೋಸ್ಕರ ಯಾರೋ ಮೊದಲೇ ಕಷ್ಟಪಟ್ಟಿರುವರೆಂಬುದು ಕೈಗೆ ತಿಳಿಯುವುದೇ ಆ ಒಲವಿನ ಕಾರಣವೆಂದು ನನಗೆ ತೋರುವುದು.

ಕಡೆಗೆ ಒಂದು ವಿಜ್ಞಾಪನೆ. ಈ ಮಹೋತ್ಸವದ ನೆನಪಿಗಾಗಿ ಅಂಗಳಕ್ಕೆಲ್ಲ ಕಲ್ಲುಹಾಸು ಹಾಕಿಸಬೇಕೆಂದೂ, ಅದಕ್ಕೆ ಅಡ್ಡವಾಗಿರುವ ಕೈಪಂಪನ್ನು ಕೀಳಿಸಬೇಕೆಂದೂ ಸಮಿತಿಯು ಗೊತ್ತುಮಾಡಿರುವುದು. ಆ ಗೊತ್ತುವಳಿಗೆ ಕೈಯೆತ್ತಿದವರಲ್ಲಿ ನಾನೂ ಒಬ್ಬನು; ಅದು ಚೈತ್ರಕ್ಕೆ ಮೊದಲಿನ ಮಾತು. ಇಂದು ಶ್ರೀಸನ್ನಿಧಿಯಲ್ಲಿ ನನ್ನ ಸಮ್ಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರುವೆನು. ಹಾಸುಗಲ್ಲುಗಳು ಪಂಪಿನ ಕಟ್ಟೆಯ ಸುತ್ತ ಬಳಸಿಕೊಂಡು ಹೋಗಲಿ. ಹೊಸ ಪೆಟ್ಟಿಗೆಯ ಬದಿಯಲ್ಲಿ ಹಳೆಯ ಹಸಿರು-ಕೆಂಪು ಗುಂಡಿಯ ಸ್ಟಾರ್ಟರೂ ಇರಲಿ. ನಿಲಯದ ವಿದ್ಯಾರ್ಥಿಗಳಲ್ಲಿ ಪ್ರತಿವರ್ಷವೂ ಇಬ್ಬರು ಅಜ್ಜನವರ ಬಳಿ ಪಾನಾ ಹಿಡಿಯುವುದನ್ನು ಕಲಿಯಲಿ. ಅಜ್ಜನವರಿಗೆ ವಯಸ್ಸಾಗಿರುವುದು, ಅವರ ವಿದ್ಯೆಗೆ ಬೇರೆ ಪಾಠಶಾಲೆಯಿಲ್ಲ. ಮೊದಲನೆಯ ವರ್ಷ ಆ ಇಬ್ಬರ ಜೊತೆಯಲ್ಲಿ ಮೂರನೆಯವನಾಗಿ ನಾನೂ ಕುಳಿತುಕೊಳ್ಳುವೆನು.