ಮಕ್ಕಳ ಮನೆಯಲ್ಲಿ ಕೂಡುಬಾಳು



ಶಾಲೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರವೊಂದುಂಟು. ಸಾಲುಸಾಲಾಗಿ ಹಾಕಿದ ಬೆಂಚುಗಳು. ಅವುಗಳ ಮೇಲೆ ಒಂದೇ ವಯಸ್ಸಿನ ನಲವತ್ತು ಐವತ್ತು ಮಕ್ಕಳು. ಎದುರಿಗೆ ಒಬ್ಬ ಉಪಾಧ್ಯಾಯರು. ಎಲ್ಲರ ಕೈಯಲ್ಲಿಯೂ ಒಂದೇ ಪುಸ್ತಕ, ಎಲ್ಲರ ಬಾಯಲ್ಲಿಯೂ ಒಂದೇ ಪಾಠ. ಇಷ್ಟು ಮಂದಿ ಒಂದೆಡೆ ಕಲೆತು ಕುಳಿತಿರುವುದರಿಂದ ಇದೇ ಕೂಡಿ ಬಾಳುವ ಶಿಕ್ಷಣವೆಂದು ನಾವು ತಿಳಿದಿರುತ್ತೇವೆ. ಮಾಂಟೆಸೊರಿ ಪದ್ಧತಿಯ ಶಾಲೆಯೊಳಕ್ಕೆ ಕಾಲಿಟ್ಟವರಿಗೆ ಕಾಣುವ ನೋಟವೇ ಬೇರೆ. ಒಂದು ಮಗು ನೆಲದ ಮೇಲೆ ಚಾಪೆಯನ್ನು ಹಾಸಿಕೊಂಡು ಗುಲಾಬಿ ಬಣ್ಣದ ಹತ್ತು ಘನಗಳನ್ನು ಒಂದರ ಮೇಲೊಂದಾಗಿ ಪೇರಿಸುತ್ತಿರುತ್ತದೆ. ಇನ್ನೊಂದು ಮೇಜನ್ನು ಉಜ್ಜಿ ತೊಳೆಯುತ್ತಿರುತ್ತದೆ. ಮತ್ತೊಂದು ಅಕ್ಷರಗಳ ಮೇಲೆ ಬೆರಳಾಡಿಸುತ್ತಿರುತ್ತದೆ. ಉಪಾಧ್ಯಾಯಿನಿ ಎಲ್ಲಿರುವಳೆಂಬುದನ್ನು ಹುಡುಕಿ ನೋಡಬೇಕು. ಇದನ್ನು ಕಂಡವರು ಕೇಳುವ ಮೊದಲ ಪ್ರಶ್ನೆ ಇದು: 'ಇಲ್ಲಿ ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವಿದ್ದಾರಲ್ಲ! ನಾಲ್ವರೊಡನೆ ಬಾಳುವುದನ್ನು ಈ ಮಕ್ಕಳು ಕಲಿಯುವುದು ಯಾವಾಗ?'

ಪ್ರಶ್ನೆ ಸಣ್ಣದಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನಮಗಂತೂ ಇದು ದಿನದಿನವೂ ಎದುರಾಗುವ ಪ್ರಶ್ನೆ. ನಮ್ಮ ತರಗತಿಗಳಿಗೆ ಬರುವ ತರುಣರು ಹನ್ನೆರಡು ವರ್ಷ ಒಂದೇ ಬೆಂಚಿನ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕುಳಿತು ಬಂದವರು. ಆದರೂ ತಾನು ಬರೆದುಕೊಂಡ ಟಿಪ್ಪಣಿಯನ್ನು ಪಕ್ಕದವನಿಗೆ ಕಾಣದಂತೆ ಮುಚ್ಚಿಡುವವರು ಅವರಲ್ಲಿ ವಿರಳವಲ್ಲ. ತನಗೆ ತಿಳಿಯದುದನ್ನು ಎದ್ದುನಿಂತು ಕೇಳಲು ಹೆದರುವವರು ಹೆಚ್ಚು. ಕೇಳಿದವನನ್ನು ನೋಡಿ ನಗುವವರು ಇನ್ನೂ ಹೆಚ್ಚು. ಒಟ್ಟಿಗೆ ಕುಳಿತ ಮಾತ್ರಕ್ಕೆ ಒಟ್ಟಾಗಿ ಬಾಳುವುದು ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದುದರಿಂದ ಈ ಹೊತ್ತಿನ ಮಾತನ್ನು ಆ ಪ್ರಶ್ನೆಯಿಂದಲೇ ಆರಂಭಿಸುವುದು ಯುಕ್ತವೆಂದು ತೋರುತ್ತದೆ.

ಮಾಂಟೆಸೊರಿ ಶಾಲೆ ಮೊದಲು ಹುಟ್ಟಿದ್ದಾದರೂ ಹೇಗೆ? ಮರಿಯಾ ಮಾಂಟೆಸೊರಿ ಇಟಲಿಯಲ್ಲಿ 1870ರಲ್ಲಿ ಹುಟ್ಟಿ, 1896ರಲ್ಲಿ ರೋಂ ನಗರದಲ್ಲಿ ವೈದ್ಯಶಾಸ್ತ್ರದ ಪದವಿ ಪಡೆದವರು. ಆ ದೇಶದಲ್ಲಿ ಅಂಥ ಪದವಿ ಪಡೆದ ಮೊದಮೊದಲಿನ ಹೆಂಗಸರಲ್ಲಿ ಅವರೊಬ್ಬರು. ಮಂದಬುದ್ಧಿಯವರೆಂದು ಜನ ಕೈಬಿಟ್ಟಿದ್ದ ಮಕ್ಕಳ ನಡುವೆ ಕೆಲವು ಕಾಲ ಕೆಲಸಮಾಡಿದ ಮೇಲೆ, ಈ ಮಕ್ಕಳಿಗೆ ಫಲಿಸಿದ ಉಪಾಯಗಳು ಉಳಿದ ಮಕ್ಕಳಿಗೆ ಏಕೆ ಫಲಿಸಬಾರದೆಂಬ ಯೋಚನೆ ಅವರಿಗೆ ಬಂದಿತು. ಅದನ್ನು ಪರೀಕ್ಷಿಸುವ ಅವಕಾಶ ದೊರೆತುದು ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಅಲ್ಲಿಯ ಹಳೆಯ ಕಟ್ಟಡಗಳನ್ನು ಒಂದು ಸಂಸ್ಥೆ ಕೊಂಡು ರಿಪೇರಿ ಮಾಡಿಸಿ ಕೂಲಿಕಾರರ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿಗಳಿಬ್ಬರೂ ಹಗಲೆಲ್ಲ ದುಡಿಯಲು ಹೋದರೆ ಮನೆಯಲ್ಲುಳಿದ ಎಳೆಯರು ಮೆಟ್ಟಲುಗಳ ಮೇಲೆ ಓಡಾಡಿ ಹೊಸದಾಗಿ ಬಳಿದ ಗೋಡೆಗಳನ್ನು ಕೆಡಿಸುತ್ತಿದ್ದರು. ಅದನ್ನು ತಿದ್ದಿಸುವುದಕ್ಕೆ ವೆಚ್ಚವಾಗುವ ಹಣದಲ್ಲಿಯೇ ಕಟ್ಟಡದೊಳಗೆ ಒಂದು ಶಾಲೆ ನಡೆಸಬಹುದಲ್ಲವೆ? ಹೀಗೆ 1907ನೆಯ ಇಸವಿ ಜನವರಿ 6ನೆಯ ತಾರೀಖು ಐವತ್ತು ಅರುವತ್ತು ಮಕ್ಕಳೊಡನೆ 'ಮಕ್ಕಳ ಮನೆ' ತೆರೆಯಿತು.

ಈ ಶಾಲೆಗೆ ಶುಲ್ಕವಿರಲಿಲ್ಲ, ಆದರೆ ಕಟ್ಟಳೆಗಳಿದ್ದುವು. ಮಕ್ಕಳನ್ನು ಮೈ ಬಟ್ಟೆಗಳು ಚೊಕ್ಕಟವಾಗಿರುವಂತೆ ಹೊತ್ತಿಗೆ ಸರಿಯಾಗಿ ಕಳುಹಿಸಬೇಕು. ಉಪಾಧ್ಯಾಯಿನಿಯನ್ನು ಗೌರವದಿಂದ ಕಾಣಬೇಕು. ತಾಯಂದಿರು ವಾರಕ್ಕೊಮ್ಮೆಯಾದರೂ ಬಂದು ಮಗುವಿನ ವಿಚಾರವಾಗಿ ಅವಳೊಡನೆ ಮಾತನಾಡಬೇಕು. ಶಾಲೆಯು ಬಾಡಿಗೆದಾರರೆಲ್ಲರಿಗೂ ಸೇರಿದ ಸಾಮೂಹಿಕ ಸ್ವತ್ತೆಂಬುದು ಅಂದಿನ ಭಾವನೆ. ಎಂದಮೇಲೆ, ಕೂಡುಬಾಳು ಈ ಪದ್ಧತಿಗೆ ಆಮೇಲೆ ಅಂಟಿಸಿದ ಅಲಂಕಾರವಲ್ಲ. ಅಡಿಗಲ್ಲು ಹಾಕಿದ ದಿನವೇ ಅದು ಅಲ್ಲಿತ್ತು.

ಇನ್ನು ಶಾಲೆಯ ಒಳಗಿನ ಏರ್ಪಾಡನ್ನು ನೋಡೋಣ. ಮೊದಲನೆಯದಾಗಿ, ಅಲ್ಲಿ ಪ್ರತಿಯೊಂದು ಉಪಕರಣವೂ ಒಂದೊಂದೇ ಇರುತ್ತದೆ. ಇದು ಬಡತನದಿಂದಲ್ಲ, ಬೇಕೆಂದೇ ಮಾಡಿದ್ದು. ಗುಲಾಬಿ ಘನಗಳ ಗೋಪುರವನ್ನು ಕಟ್ಟಲು ನಾಲ್ವರಿಗೆ ಆಸೆಯಾದರೆ ಮೂವರು ಕಾಯಬೇಕು. ಕಸಿದುಕೊಳ್ಳುವಂತಿಲ್ಲ, ಕೆಲಸದಲ್ಲಿರುವವನನ್ನು ಕದಲಿಸುವಂತಿಲ್ಲ. ಮುಗಿಸಿದವನು ಅದನ್ನು ಮೊದಲಿದ್ದ ಎಡೆಯಲ್ಲಿಯೇ ಮೊದಲಿದ್ದಂತೆಯೇ ಇಟ್ಟು ಹೋಗಬೇಕು. ದಾರಿಯ ಅರವಟ್ಟಿಗೆಯಲ್ಲಿ ನೀರು ಕುಡಿದವನು ತಂಬಿಗೆಯನ್ನು ತೊಳೆದು ಬೋರಲಿಟ್ಟು ಹೋಗುವಂತೆ, ತನ್ನ ಹಿಂದೆ ಇನ್ನೊಬ್ಬನು ಬರುವನೆಂಬ ಅರಿವು ಮೂರು ವರ್ಷದ ಮಗುವಿಗೆ ಉಪದೇಶವಿಲ್ಲದೆಯೇ ಬರುತ್ತದೆ. ಐವತ್ತು ಮಕ್ಕಳಿಗೆ ಐವತ್ತು ಗೋಪುರಗಳನ್ನು ಕೊಟ್ಟಿದ್ದರೆ ಈ ಪಾಠವೇ ತಪ್ಪಿಹೋಗುತ್ತಿತ್ತು.

ಎರಡನೆಯದು, ವಯಸ್ಸುಗಳ ಬೆರಕೆ. ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಮೂರು ವರ್ಷದವನು ಆರು ವರ್ಷದವನು ಓದುವುದನ್ನು ನೋಡುತ್ತ ನಿಲ್ಲುತ್ತಾನೆ. ಆರು ವರ್ಷದವನು ಚಿಕ್ಕವನ ಅಂಗಿಯ ಗುಂಡಿ ಹಾಕುವುದನ್ನು ತೋರಿಸಿಕೊಡುತ್ತಾನೆ. ಒಂದೇ ವಯಸ್ಸಿನವರ ಗುಂಪಿನಲ್ಲಿ ಪಕ್ಕದವನು ಪ್ರತಿಸ್ಪರ್ಧಿ. ಇಲ್ಲಿ ಅವನು ಒಮ್ಮೆ ಅಣ್ಣ, ಒಮ್ಮೆ ತಮ್ಮ. ಇದಲ್ಲದೆ, ಆ ತೊಡಕನ್ನು ನಿನ್ನೆ ಮೊನ್ನೆ ತಾನೇ ದಾಟಿದ ಮಗು ಅದನ್ನು ವಿವರಿಸುವಷ್ಟು ಹತ್ತಿರದಿಂದ ವಯಸ್ಸಾದ ನಾವು ವಿವರಿಸಲಾರೆವು. ನಮ್ಮ ಸಹಾಯ ಎಷ್ಟೋ ವೇಳೆ ಸಹಾಯವೇ ಅಲ್ಲ. ಮಾಂಟೆಸೊರಿಯವರು ಬರೆದಿರುವ ಒಂದು ಪ್ರಸಂಗವಿದೆ. ನೀರಿನ ಬೋಗುಣಿಯಲ್ಲಿ ತೇಲುತ್ತಿದ್ದ ಆಟಿಕೆಗಳ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ಎರಡೂವರೆ ವರ್ಷದ ಒಬ್ಬ ಬಾಲಕನಿಗೆ ಕಾಣಲಿಲ್ಲ. ಅವನು ಸುತ್ತಲೂ ನೋಡಿ, ದೂರದಲ್ಲಿದ್ದ ಚಿಕ್ಕ ಕುರ್ಚಿಯನ್ನು ಕಂಡು, ಮುಖವರಳಿಸಿ ಅದರ ಕಡೆಗೆ ಹೊರಟ. ಅಷ್ಟರಲ್ಲಿ ಉಪಾಧ್ಯಾಯಿನಿ ಅವನನ್ನು ಎತ್ತಿಕೊಂಡು ಆಟಿಕೆಗಳನ್ನು ತೋರಿಸಿಬಿಟ್ಟಳು. ಅವನು ಆಟಿಕೆಗಳನ್ನು ಕಂಡ. ಆದರೆ ಮುಖದ ಮೇಲಿದ್ದ ಆ ಬೆಳಕು ಆರಿಹೋಯಿತು.

ಮೂರನೆಯದು, ಮನೆಗೆಲಸ. ಗುಡಿಸುವುದು, ಒರಸುವುದು, ಗಿಡಗಳಿಗೆ ನೀರೆರೆಯುವುದು, ಊಟಕ್ಕೆ ಅಣಿಮಾಡುವುದು, ಇವೆಲ್ಲ ಮಕ್ಕಳ ಪಾಲಿನವು. ನಾಲ್ಕು ವರ್ಷದ ಎಳೆಯರು ಗಾಜಿನ ಲೋಟಗಳನ್ನೂ ಬಿಸಿ ಸಾರಿನ ಪಾತ್ರೆಯನ್ನೂ ಹೊತ್ತು ತಂದು ಬಡಿಸುತ್ತಿದ್ದುದನ್ನು ಕಂಡು ನೋಡಬಂದವರು ಬೆರಗಾಗುತ್ತಿದ್ದರು. ಪಾತ್ರೆ ಒಡೆಯುವಂಥದಾಗಿರುವುದರಿಂದಲೇ ಕೈ ಜೋಪಾನವನ್ನು ಕಲಿಯುತ್ತದೆ. ಇದಕ್ಕಿಂತಲೂ ನಮ್ಮ ಮನಸ್ಸಿಗೆ ನಾಟುವುದು ಮತ್ತೊಂದು ಸಣ್ಣ ಸಂಗತಿ. ಮಾಂಟೆಸೊರಿಯವರು ಒಂದು ದಿನ ಮೂಗು ಸೀನಿಕೊಳ್ಳುವ ಬಗೆಯನ್ನು, ಕರವಸ್ತ್ರವನ್ನು ಹೇಗೆ ಹಿಡಿಯಬೇಕು, ಸದ್ದಾಗದಂತೆ ಹೇಗೆ ಒರಸಿಕೊಳ್ಳಬೇಕು ಎಂಬುದನ್ನು ಮಕ್ಕಳಿಗೆ ತೋರಿಸಿಕೊಟ್ಟರು. ಮಕ್ಕಳು ನಗಲಿಲ್ಲ, ಪಾಠ ಮುಗಿದೊಡನೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆ ವಿಷಯಕ್ಕಾಗಿ ಅವರನ್ನು ಬೈದವರೇ ಎಲ್ಲರೂ. ಅವಮಾನವಾಗದಂತೆ ಹೇಳಿಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ನಾಲ್ವರ ನಡುವೆ ಮರ್ಯಾದೆಯಿಂದ ಇರಬೇಕೆಂಬ ಆಸೆ ಎಳೆಯರಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಇದು ನಿದರ್ಶನ.

ನಾಲ್ಕನೆಯದು ಮೌನ. ನಮ್ಮ ಶಾಲೆಗಳಲ್ಲಿ 'ಸದ್ದು!' ಎಂದು ಕೂಗಿ ಮೇಜನ್ನು ಕುಟ್ಟಿ ಪಡೆಯುವ ಮೌನವಲ್ಲ ಇದು. ಮಾಂಟೆಸೊರಿಯವರು ಒಮ್ಮೆ ನಾಲ್ಕು ತಿಂಗಳ ಹಸುಗೂಸನ್ನು ಎತ್ತಿಕೊಂಡು ಒಳಗೆ ಬಂದು, 'ನೋಡಿ, ಇದು ಎಷ್ಟು ಸುಮ್ಮನಿದೆ, ನಿಮಗೆ ಹೀಗಿರಲಾದೀತೆ?' ಎಂಬ ಅರ್ಥದ ಮಾತನ್ನಾಡಿದರು. ಮಕ್ಕಳು ಕಾಲುಗಳನ್ನು ಜೋಡಿಸಿಕೊಂಡು, ಉಸಿರನ್ನೂ ಮೆಲ್ಲಗೆ ಬಿಡುತ್ತ ಕುಳಿತರು. ಅಂದಿನಿಂದ ಅದೊಂದು ಆಟವಾಯಿತು. ಬಾಗಿಲಾಚೆಯಿಂದ ಪಿಸುದನಿಯಲ್ಲಿ ಒಂದೊಂದೇ ಹೆಸರನ್ನು ಕರೆಯುವುದು. ಕರೆಸಿಕೊಂಡವನು ಕುರ್ಚಿ ಅಲುಗದಂತೆ ಎದ್ದು ಬರುವುದು. ಈ ಆಟದ ಮರ್ಮವನ್ನು ಗಮನಿಸಬೇಕು. ನಲವತ್ತು ಮಂದಿಯಲ್ಲಿ ಮೂವತ್ತೊಂಬತ್ತು ಮಂದಿ ಸುಮ್ಮನಿದ್ದು ಒಬ್ಬನು ಕಾಲು ಕೆರೆದರೂ ಮೌನ ಕೆಡುತ್ತದೆ. ಒಬ್ಬನೇ ಮಾಡಲಾರದ, ಎಲ್ಲರೂ ಮನಸ್ಸಿಟ್ಟರೆ ಮಾತ್ರ ಕೈಗೂಡುವ ಕೆಲಸ ಅದು. ಬೆಳಗಿನಿಂದ ತಮ್ಮ ಪಾಡಿಗೆ ತಾವು ಇದ್ದಂತೆ ತೋರುವ ಮಕ್ಕಳು ಆ ಗಳಿಗೆಯಲ್ಲಿ ಒಂದೇ ಜೀವವಾಗುತ್ತಾರೆ.

ಸ್ವಾತಂತ್ರ್ಯ ಕೊಟ್ಟರೆ ಮಕ್ಕಳು ಸ್ವೇಚ್ಛಾಚಾರಿಗಳಾಗುವುದಿಲ್ಲವೆ ಎಂಬ ಆಕ್ಷೇಪಣೆಗೂ ಇಲ್ಲಿಯೇ ಸಮಾಧಾನವಿದೆ. ಮಗುವಿನ ಸ್ವಾತಂತ್ರ್ಯಕ್ಕೆ ಸಮುದಾಯದ ಹಿತವೇ ಎಲ್ಲೆಯೆಂದು ಮಾಂಟೆಸೊರಿಯವರು ಸ್ಪಷ್ಟವಾಗಿ ಹೇಳಿದ್ದಾರೆ. ಇನ್ನೊಬ್ಬರನ್ನು ನೋಯಿಸುವ, ಅಡ್ಡಿಪಡಿಸುವ, ಒರಟಾದ ನಡತೆಯನ್ನು ತಡೆಯಲೇಬೇಕು; ಮಿಕ್ಕದ್ದನ್ನು ಬಿಟ್ಟು ನೋಡಬೇಕು. ಬಹುಮಾನ ಶಿಕ್ಷೆಗಳ ವಿಷಯದಲ್ಲಿಯೂ ಹೀಗೆಯೇ. ಒಬ್ಬ ಹುಡುಗನ ಎದೆಯ ಮೇಲೆ ಬಹುಮಾನದ ಪದಕ. ಇನ್ನೊಬ್ಬನಿಗೆ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುವ ಶಿಕ್ಷೆ. ಮೊದಲನೆಯವನು ಸಾಮಾನುಗಳನ್ನು ಅತ್ತಿಂದಿತ್ತ ಸಾಗಿಸುತ್ತಿರುವಾಗ ಪದಕ ಬಿದ್ದಿತು. ಕುಳಿತವನು ಅದನ್ನೆತ್ತಿ ಕೊಡಹೋದರೆ, ಅವನಿಗೆ ಅದು ಬೇಕಿರಲಿಲ್ಲ. ಬೇಕಾದರೆ ನೀನೇ ಹಾಕಿಕೊ ಎಂದು ಕೆಲಸಕ್ಕೆ ಹೊರಟುಹೋದ. ಕೆಲಸದಲ್ಲಿ ತೊಡಗಿದವನಿಗೆ ಪದಕದ ಗೊಡವೆಯಿಲ್ಲ.

ಗುಂಪು ಬೇರೆ, ಸಮಾಜ ಬೇರೆ. ಒಬ್ಬನ ಅಪ್ಪಣೆಗೆ ಸಾವಿರ ಕಾಲುಗಳು ಒಮ್ಮೆಗೇ ಏಳುವುದು ಗುಂಪಿನ ಶಿಸ್ತು. ಈ ಅಂತರ ಬರಿಯ ಮಾತಿನದಲ್ಲವೆಂಬುದನ್ನು ಚರಿತ್ರೆ ತೋರಿಸಿದೆ. ಮುಸೊಲಿನಿಯ ಸರ್ಕಾರ ಮೊದಲು ಮಾಂಟೆಸೊರಿ ಶಾಲೆಗಳಿಗೆ ಬೆಂಬಲ ಕೊಟ್ಟಿತು. ಆದರೆ ಸಂಬಂಧ ಉಳಿಯಲಿಲ್ಲ, 1934ರಲ್ಲಿ ಅವರು ಇಟಲಿಯನ್ನು ಬಿಟ್ಟರು. ಜರ್ಮನಿಯಲ್ಲಿ ನಾಜಿಗಳು ಈ ಶಾಲೆಗಳನ್ನು ಮುಚ್ಚಿಸಿದರು. ತಾನೇ ಯೋಚಿಸಿ ತಾನೇ ನಡೆಯಬಲ್ಲ ಮಗು ಅಂಥ ಆಳಿಕೆಗೆ ಒದಗುವುದಿಲ್ಲ.

1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮಾಂಟೆಸೊರಿಯವರು ಮಗ ಮಾರಿಯೊ ಅವರೊಡನೆ ಮದರಾಸಿನ ಅಡೆಯಾರಿಗೆ ಬಂದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದೊಡನೆ ಇಬ್ಬರೂ ಶತ್ರುದೇಶದವರಾದರು. ಮಗನನ್ನು ಬಂಧನದಲ್ಲಿಟ್ಟ ಸರ್ಕಾರ, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವನನ್ನು ಬಿಡುಗಡೆಮಾಡಿತು. ಕೆಲವು ತಿಂಗಳೆಂದು ಬಂದವರು 1946ರವರೆಗೆ ಇಲ್ಲಿಯೇ ಉಳಿದು, ಕೊಡೈಕನಾಲ್ ಮೊದಲಾದ ಎಡೆಗಳಲ್ಲಿ ನೂರಾರು ಉಪಾಧ್ಯಾಯರನ್ನು ತರಬೇತುಗೊಳಿಸಿದರು. 1947ರಿಂದ ಎರಡು ವರ್ಷ ಮತ್ತೆ ಬಂದಿದ್ದರು. 1952ರಲ್ಲಿ ಹಾಲೆಂಡಿನಲ್ಲಿ ಅವರು ತೀರಿಕೊಂಡರು.

ಈ ವಿಚಾರಗಳು ನಮಗೆ ಪೂರ್ತಿ ಹೊಸವೇ? ನಮ್ಮ ಹಿಂದಿನ ಕೂಲಿಮಠವನ್ನು ನೆನೆಯಬೇಕು. ಅಲ್ಲಿಯೂ ಎಲ್ಲ ವಯಸ್ಸಿನ ಹುಡುಗರು ಒಂದೇ ಜಗಲಿಯ ಮೇಲಿದ್ದರು. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಈ ಕ್ರಮವನ್ನು ಕಂಡು ಇಂಗ್ಲೆಂಡಿಗೆ ಒಯ್ದು 'ಮದರಾಸು ಪದ್ಧತಿ'ಯೆಂದು ಪ್ರಸಿದ್ಧಪಡಿಸಿದನು. ಮಾಂಟೆಸೊರಿಯವರ ಮರಳುಕಾಗದದ ಅಕ್ಷರಗಳನ್ನು ಮುಟ್ಟುವ ಮಗುವೂ ಅದೇ ರೀತಿ ಬೆರಳಿನಿಂದಲೇ ಕಲಿಯುತ್ತದೆ. ಆದರೆ ಕೂಲಿಮಠದಲ್ಲಿ ಬೆತ್ತವಿತ್ತು, ಬಾಯಿಪಾಠದ ಗದ್ದಲವಿತ್ತು. ಎಷ್ಟೋ ಜಾತಿಗಳ ಮಕ್ಕಳಿಗೆ ಆ ಜಗಲಿಯ ಮೆಟ್ಟಲು ಹತ್ತುವ ಹಕ್ಕೇ ಇರಲಿಲ್ಲ. ಹೊಗಳುವಾಗ ಇದನ್ನು ಮರೆಯಬಾರದು.

ಇಂದಿನ ತೊಡಕು ಬೇರೆ. ಬಡ ಕೂಲಿಕಾರರ ಮಕ್ಕಳಿಗಾಗಿ, ಶುಲ್ಕವಿಲ್ಲದೆ ಹುಟ್ಟಿದ ಪದ್ಧತಿ ನಮ್ಮ ಪಟ್ಟಣಗಳಲ್ಲಿ ಬಹಳಮಟ್ಟಿಗೆ ಹಣವಂತರ ಮಕ್ಕಳ ಪಾಲಾಗಿದೆ. ಮಾಂಟೆಸೊರಿಯೆಂಬ ಹೆಸರು ಹಲಗೆಯ ಮೇಲಿದ್ದು ಒಳಗೆ ಬೆಂಚು, ಬೆತ್ತ, ಬಾಯಿಪಾಠಗಳೇ ಇರುವುದುಂಟು. ಆದರೂ ನಿರಾಶೆಗೆ ಕಾರಣವಿಲ್ಲ. ಭಾವನಗರದಲ್ಲಿ ವಕೀಲಿಯನ್ನು ಬಿಟ್ಟ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ತೆರೆದು, ಈ ಪದ್ಧತಿಗೆ ದೇಶದ ಕಥೆ, ಹಾಡು, ಆಟಗಳನ್ನು ಕೂಡಿಸಿದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿ ಗ್ರಾಮಕ್ಕೆ ಹೋಗಿ, ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದರು. ಬೆಲೆಬಾಳುವ ಉಪಕರಣಗಳಿಗೆ ಬದಲಾಗಿ ಬೀಜ, ಕಲ್ಲು, ಎಲೆಗಳನ್ನು ಬಳಸಿದರು. ಪದ್ಧತಿಯ ಪ್ರಾಣ ಮರದ ಘನಗಳಲ್ಲಿಲ್ಲವೆಂಬುದನ್ನು ಅವರು ನಡೆಸಿ ತೋರಿಸಿದರು.

ಹಾಗಾದರೆ ಅದು ಎಲ್ಲಿದೆ? ಮಗುವಿನ ಕೈಗೆಟಕುವ ಒಂದು ಹಲಗೆ. ಅದರ ಮೇಲೆ ಎಲ್ಲರಿಗೂ ಸೇರಿದ ಕೆಲವೇ ವಸ್ತುಗಳು. ಅವನ್ನು ತೆಗೆದು ಇಡುವ ಒಂದು ಕ್ರಮ. ಪಕ್ಕದಲ್ಲಿ ತನಗಿಂತ ಚಿಕ್ಕವನೊಬ್ಬ, ದೊಡ್ಡವನೊಬ್ಬ. ಎತ್ತಿಕೊಳ್ಳಲು ಅವಸರಪಡದೆ ನೋಡುತ್ತಿರಬಲ್ಲ ಒಬ್ಬ ಹಿರಿಯಳು. ಇಷ್ಟನ್ನು ಅಣಿಮಾಡಲು ಅರಮನೆ ಬೇಕಿಲ್ಲ. ಹಳ್ಳಿಯ ಅಂಗನವಾಡಿಯಲ್ಲಿಯೂ ಸಾಧ್ಯ, ನಮ್ಮ ನಮ್ಮ ಮನೆಗಳಲ್ಲಿಯೂ ಸಾಧ್ಯ. ನೀರಿನ ಚೊಂಬನ್ನು ತಾನೇ ತರುತ್ತೇನೆಂದು ಮಗು ಎದ್ದಾಗ 'ಚೆಲ್ಲೀಯೆ, ಬೇಡ' ಎನ್ನುವ ಮಾತನ್ನು ನಾವು ನುಂಗಿಕೊಂಡರೆ ಆರಂಭವಾದಂತೆಯೇ. ನಾಲ್ಕು ತೊಟ್ಟು ಚೆಲ್ಲಬಹುದು. ಒರಸುವ ಬಟ್ಟೆ ಎಲ್ಲಿದೆಯೆಂದು ತೋರಿಸಿದರೆ ಸಾಕು.