ಅಜ್ಜಿಯ ಟ್ರಂಕಿನಲ್ಲಿರೋ ಮೈಸೂರು ಬ್ಯಾಂಕ್ ಪಾಸ್‌ಬುಕ್



ಬೆಂಗಳೂರಿನ ಕೆಂಪೇಗೌಡ ರಸ್ತೆ ಕಡೆ ಹೋಗೋ ಸಿಟಿ ಬಸ್ ಹತ್ತಿ ನೋಡಿ. 'ಮೈಸೂರು ಬ್ಯಾಂಕ್, ಯಾರ್ರೀ ಇಳಿಯೋರು' ಅಂತ ಕಂಡಕ್ಟರ್ ಇವತ್ತಿಗೂ ಕೂಗ್ತಾರೆ. ಜನ ಇಳೀತಾರೆ. ಆದರೆ ಆ ಹೆಸರಿನ ಬ್ಯಾಂಕ್ ಈಗ ಇಲ್ಲ. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. ಸರ್ಕಲ್ಲಿಗೆ ಹೆಸರು ಉಳೀತು, ಬ್ಯಾಂಕಿಗೆ ಉಳೀಲಿಲ್ಲ.

ಬೆಂಗಳೂರಿನವರಿಗೆ ಅದೊಂದು ಬಸ್ ಸ್ಟಾಪ್ ಅಷ್ಟೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹಳಬರನ್ನ ಮಾತಾಡಿಸಿ. 'ಎಲ್ಲಿಗೆ ಯಜಮಾನ್ರೇ' ಅಂದ್ರೆ, 'ಇಲ್ಲೇ, ಮೈಸೂರು ಬ್ಯಾಂಕ್‌ಗೆ ಹೋಗ್ಬರ್ತೀನಿ ಕಣಪ್ಪ' ಅಂತಾರೆ. ಬೋರ್ಡ್ ಬದಲಾಗಿ ಇಷ್ಟು ವರ್ಷ ಆದರೂ ಅವರ ಬಾಯಲ್ಲಿ ಅದೇ ಹೆಸರು. ಯಾಕೆ ಹೀಗೆ? ಇದು ಬರೀ ಅಭ್ಯಾಸ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

1913ಕ್ಕೆ ಹೋಗೋಣ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಎಂ. ವಿಶ್ವೇಶ್ವರಯ್ಯ ದಿವಾನರು. ಆ ವರ್ಷ ದೇಶದಲ್ಲಿ ಬ್ಯಾಂಕ್ ಅಂದ್ರೇನೇ ಜನ ಹೆದರೋ ಕಾಲ. ಸೆಪ್ಟೆಂಬರ್‌ನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಾಗಿಲು ಹಾಕಿತು. ಅದರ ಹಿಂದೆ ಒಂದೊಂದಾಗಿ ಬೇರೆ ಸ್ವದೇಶಿ ಬ್ಯಾಂಕುಗಳೂ ಬಿದ್ದವು. ಇಂಥ ಹೊತ್ತಲ್ಲಿ ಯಾರಾದರೂ ಹೊಸ ಬ್ಯಾಂಕ್ ತೆರೀತಾರಾ? ಮೈಸೂರು ಸಂಸ್ಥಾನ ತೆರೆಯಿತು! ಅದೇ ವರ್ಷ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರ್ ಕೆಲಸ ಶುರು ಮಾಡಿತು. ಬೆನ್ನಿಗೆ ಸರ್ಕಾರ ನಿಂತಿತ್ತು. ಜನ ನಂಬಿದ್ದು ಅದನ್ನ.

ಆಗ ಮಂಡ್ಯ ಹೇಗಿತ್ತು? ಈಗಿನ ಹಸಿರು ನೋಡಿ ಅಳೀಬೇಡಿ. ಬಹುಪಾಲು ರಾಗಿ, ಹುರುಳಿ ಬೆಳೆಯೋ ಒಣ ಭೂಮಿ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. ಆಗ ಇರ್ವಿನ್ ನಾಲೆ ಅಂತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ನೀರಿನ ಕಥೆಯನ್ನ ನಾವು ನೂರು ಸಲ ಹೇಳ್ತೀವಿ. ದುಡ್ಡಿನ ಕಥೆ ಹೇಳೋದೇ ಇಲ್ಲ. ರಾಗಿ ಬೆಳೆದವನು ಕಣಜಕ್ಕೆ ತುಂಬ್ತಾನೆ, ಮನೇಲೇ ಉಣ್ತಾನೆ. ಕಬ್ಬನ್ನ ಕಣಜಕ್ಕೆ ತುಂಬೋಕಾಗಲ್ಲ. ಅದು ಫ್ಯಾಕ್ಟರಿಗೆ ಇಲ್ಲಾ ಆಲೆಮನೆಗೆ ಹೋಗಬೇಕು, ಬಿಲ್ಲಾಗಬೇಕು, ದುಡ್ಡಾಗಿ ಕೈಗೆ ಬರಬೇಕು. ನಾಟಿಗೆ ಸಾಲ, ಗೊಬ್ಬರಕ್ಕೆ ಸಾಲ, ಕಟಾವಿನ ತನಕ ಒಂದು ವರ್ಷ ಕಾಯಬೇಕು. ನಾಲೆ ನೀರು ರೈತನನ್ನ ಗದ್ದೆಗೆ ಕರೆದ ಹಾಗೇ ಬ್ಯಾಂಕಿನ ಮೆಟ್ಟಿಲಿಗೂ ಕರೆಯಿತು.

1960ರಲ್ಲಿ ಈ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಯಿತು. ಕರಾವಳಿಯ ಬ್ಯಾಂಕುಗಳದ್ದೂ ದೊಡ್ಡ ಕಥೆ. 1906ರ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಬ್ಯಾಂಕ್. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್‌ನವರು 1928ರಲ್ಲಿ ಪಿಗ್ಮಿ ತಂದರು. ದಿನಕ್ಕೆ ಎರಡಾಣೆ. ಏಜೆಂಟ್ ಅಂಗಡಿ ಮುಂದೆ ಬಂದು ಇಸ್ಕೊಂಡು ಹೋಗೋದು. ಎಳನೀರು ಮಾರೋರು, ಹೂ ಕಟ್ಟೋರು ಬ್ಯಾಂಕಿನ ಖಾತೆದಾರರಾಗಿದ್ದು ಇಂಥ ಲೆಕ್ಕದಿಂದ.

ಈಗ ಎಲ್ಲಿವೆ ಇವೆಲ್ಲ? ವಿಜಯಾ 2019ರಲ್ಲಿ ಬರೋಡಾಕ್ಕೆ ಹೋಯ್ತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ನಮ್ಮ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು, ಕೇಂದ್ರ ಕಚೇರಿ ಬಳ್ಳಾರಿ. ಮಂಡ್ಯದವನು ದೂರು ಕೊಡಬೇಕಾದರೆ ಬಳ್ಳಾರಿ ಕಡೆ ಮುಖ ಮಾಡಬೇಕು!

ನ್ಯಾಯವಾಗಿ ಮಾತಾಡೋಣ. ವಿಲೀನದಿಂದ ಠೇವಣಿದಾರನ ಒಂದು ರೂಪಾಯಿಯೂ ಮುಳುಗಲಿಲ್ಲ. ದೊಡ್ಡ ಬ್ಯಾಂಕು ಕೆಟ್ಟ ಸಾಲದ ಏಟನ್ನ ತಡ್ಕೊಳ್ಳುತ್ತೆ, ಅದೂ ನಿಜ. ಹಾಗಾದರೆ ಹೋಗಿದ್ದೇನು? ಹಳೇ ಮ್ಯಾನೇಜರ್‌ಗೆ ಈ ಊರಲ್ಲಿ ಯಾರ ಗದ್ದೆಗೆ ನೀರು ಕೊನೇಲಿ ಬರುತ್ತೆ, ಯಾರ ಕಬ್ಬಿನ ಬಿಲ್ ಬಾಕಿ ಇದೆ ಅಂತ ಗೊತ್ತಿರ್ತಿತ್ತು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಶೇಕಡಾ 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಬಿಲ್ ತಡವಾದಾಗ ರೈತ ಸುಸ್ತಿದಾರ ಆಗ್ತಾನೆ, ಆದರೆ ಕಳ್ಳ ಅಲ್ಲ. ಈ ವ್ಯತ್ಯಾಸ ಮುಖ ನೋಡಿದ ಮನುಷ್ಯನಿಗೆ ತಿಳಿಯುತ್ತೆ, ಕಂಪ್ಯೂಟರಿಗೆ ತಿಳಿಯಲ್ಲ. ಕೌಂಟರಿನಲ್ಲಿ ಕನ್ನಡವೇ ಬರದವರು ಕೂತಿದ್ದರೆ ಹೇಳ್ಕೊಳ್ಳೋದಾದರೂ ಯಾರ ಹತ್ತಿರ?

ಅಲ್ಲಿಂದ ವಾಪಸ್ ಬಂದವರು ಸುಮ್ಮನೆ ಕೂರಲ್ಲ ವೀಕ್ಷಕರೇ. ಮನೆ ಬಾಗಿಲಿಗೇ ಬರೋ ಮೈಕ್ರೋ ಫೈನಾನ್ಸ್ ಹತ್ತಿರ ಹೋಗ್ತಾರೆ. ವಾರದ ಕಂತು, ಗುಂಪಿನ ಜಾಮೀನು, ಬೀದಿಯಲ್ಲಿ ನಿಂತು ಬೈಗುಳ. ಮಂಡ್ಯ ಜಿಲ್ಲೆಯ ಹೆಣ್ಣುಮಕ್ಕಳ ಗೋಳನ್ನ ಇದೇ ಪರದೆ ಮೇಲೆ ನೋಡಿದ್ದೀರಿ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯ್ತು. ಸುಗ್ರೀವಾಜ್ಞೆ ಕಿರುಕುಳ ತಡೀಬಹುದು, ಸಾಲ ಕೊಡಲ್ಲ.

ಇನ್ನೊಂದು ವಿಷಯ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1816ರಲ್ಲಿ ಶುರುವಾದ ಒಂದು ಉಳಿತಾಯ ಸಂಸ್ಥೆ ಇತ್ತು, ಫಿಲಡೆಲ್ಫಿಯಾ ಸೇವಿಂಗ್ ಫಂಡ್ ಸೊಸೈಟಿ. 1932ರಲ್ಲಿ ಮುಗಿಲೆತ್ತರದ ಕಟ್ಟಡ ಕಟ್ಟಿತು. 1992ರಲ್ಲಿ ಸಂಸ್ಥೆ ಮುಚ್ಚಿತು. ಕಟ್ಟಡ ಈಗ ಹೋಟೆಲು. ಆದರೂ ನೆತ್ತಿಯ ಮೇಲಿನ ಪಿಎಸ್‌ಎಫ್‌ಎಸ್ ಅನ್ನೋ ಕೆಂಪು ಅಕ್ಷರಗಳನ್ನ ಇಳಿಸಿಲ್ಲ. ನಮ್ಮಲ್ಲಿ? ಬೋರ್ಡ್ ಹೋಗಲಿ, ಲೆಡ್ಜರುಗಳ ಗತಿ ಕೇಳಿ. ಬ್ಯಾಂಕುಗಳು ದಾಖಲೆಗಳನ್ನ ಐದು ಅಥವಾ ಎಂಟು ವರ್ಷ ಇಟ್ಟರೆ ಸಾಕು ಅಂತ 1985ರ ನಿಯಮ ಹೇಳುತ್ತೆ. ಮಂಡ್ಯಕ್ಕೆ ಮೊದಲ ಕಬ್ಬಿನ ದುಡ್ಡು ಹೇಗೆ ಬಂತು, ಯಾರ ಕೈಗೆ ಹೋಯ್ತು ಅನ್ನೋ ಲೆಕ್ಕ ರದ್ದಿಗೆ ಹೋಗಬಹುದು, ಕಾನೂನು ಪ್ರಕಾರವೇ! ಉಳಿದಿರೋದನ್ನಾದರೂ ಪತ್ರಾಗಾರ ಇಲಾಖೆ ಕೇಳಿ ತಗೋಬೇಕು.

ಕೊನೆಗೆ ನಿಮ್ಮ ಮನೆ ಕೆಲಸ. ಅಜ್ಜಿಯ ಟ್ರಂಕಿನಲ್ಲಿ ಮೈಸೂರು ಬ್ಯಾಂಕಿನ ಪಾಸ್‌ಬುಕ್ಕೋ, ಠೇವಣಿ ರಸೀದಿಯೋ ಸಿಕ್ಕಿದರೆ ಎಸೀಬೇಡಿ. ಹತ್ತು ವರ್ಷ ಯಾರೂ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ಹೋದರೂ ಅದು ನಿಮ್ಮದೇ. ವಾರಸುದಾರರು ಆಮೇಲೂ ಕೇಳಬಹುದು. 2023ರಲ್ಲಿ ಶುರುವಾದ ರಿಸರ್ವ್ ಬ್ಯಾಂಕಿನ 'ಉದ್ಗಮ್' ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಮೈಸೂರು ಬ್ಯಾಂಕಿನ ಖಾತೆಗೆ ಸ್ಟೇಟ್ ಬ್ಯಾಂಕಿಗೆ ಹೋಗಿ, ಸಿಂಡಿಕೇಟ್ ಆದರೆ ಕೆನರಾಕ್ಕೆ, ವಿಜಯಾ ಆದರೆ ಬರೋಡಾಕ್ಕೆ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಹಳೇ ಪಾಸ್‌ಬುಕ್ ಜೊತೆಗಿರಲಿ. 'ಆ ಬ್ಯಾಂಕ್ ಈಗ ಇಲ್ಲ' ಅಂತ ಯಾರಾದರೂ ಕೈ ಆಡಿಸಿದರೆ ಎದ್ದು ಬರಬೇಡಿ. ಅರ್ಜಿ ಬರೆದುಕೊಡಿ, ಸೀಲ್ ಹಾಕಿದ ಒಂದು ಪ್ರತಿ ಇಸ್ಕೊಂಡು ಬನ್ನಿ.