ಏಳು ಆಣೆಯ ಲೆಕ್ಕ



ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಔರಂಗಾಬಾದಿನ ಬೀಬಿ ಕಾ ಮಕಬರಾದ ವಿಷಯ. 2023ರಲ್ಲಿ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ ಎಂದು ಬದಲಾಯಿತು. ನಮ್ಮ ಕಡೆಯವರಲ್ಲಿ ಅನೇಕರು ವೇರೂಳ, ಅಜಂತಾ ನೋಡಲು ಹೋದಾಗ ಅರ್ಧ ತಾಸು ಮಕಬರಾಕ್ಕೂ ಕೊಟ್ಟು, "ಬಡವರ ತಾಜಮಹಲು ನೋಡಿ ಬಂದೆವು" ಎಂದು ನಕ್ಕು ಸುಮ್ಮನಾಗುತ್ತಾರೆ. ನಾನೂ ಹಾಗೆ ನಕ್ಕವನೇ. ಆದರೆ 2024ರ ಜನವರಿಯಲ್ಲಿ ಅಲ್ಲಿಗೆ ಹೋದಾಗ ನಗು ಬರಲಿಲ್ಲ. ಅದಕ್ಕೆ ಕಾರಣವಿತ್ತು.

ನಾನು ಅಕ್ಕಲಕೋಟ ತಾಲೂಕಿನವನು. ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಮೂವತ್ತೆಂಟು ವರ್ಷ ದುಡಿದು ನಿವೃತ್ತನಾದೆ. 2023ರ ಮಳೆಗಾಲದಲ್ಲಿ ನಮ್ಮ ಅವ್ವ ತೀರಿಕೊಂಡಳು. ನಮ್ಮದು ಲಿಂಗಾಯತ ಪದ್ಧತಿ; ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಹೊಲದ ಬದುವಿನಲ್ಲಿ, ಅಪ್ಪನ ಮಗ್ಗುಲಲ್ಲೇ ಅವಳನ್ನು ಇಟ್ಟೆವು. ಊರಲ್ಲಿ ಇರುವವನು ತಮ್ಮ. ಅವನಿಗೆ ಅವ್ವನ ಗದ್ದಿಗೆಯ ಮೇಲೆ ಬಿಳಿ ಸಂಗಮರವರಿ ಕಲ್ಲಿನ ಮಂಟಪ ಕಟ್ಟಿಸುವ ಆಸೆ. ಒಬ್ಬ ಗುತ್ತಿಗೆದಾರನನ್ನು ಕೇಳಿ, ಒಂದು ಲಕ್ಷ ಎಂಬತ್ತು ಸಾವಿರ ಆಗುತ್ತದೆಂದು ನನಗೆ ಫೋನು ಮಾಡಿದ. ನಾನು ಕೂಡಲೇ ಕಾಗದ ಪೆನ್ನು ಹಿಡಿದು ಅಡಿಗೆ ಇಷ್ಟು, ಕೂಲಿಗೆ ಇಷ್ಟು ಎಂದು ಲೆಕ್ಕ ಹಾಕಿ, "ಇದು ಹೆಚ್ಚಾಯಿತು" ಎಂದೆ.

"ಇಷ್ಟು ವರ್ಷ ಬ್ಯಾಂಕಿನಾಗ ಕುಂತು, ಕಡೀಕ ಅವ್ವಗೂ ಲೆಕ್ಕಾ ಹಚ್ಚಾಕತ್ತಿ ನೋಡಣ್ಣಾ" ಎಂದ ಅವನು. ಫೋನು ಇಟ್ಟುಬಿಟ್ಟ. ಮೂರು ತಿಂಗಳು ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

ಆ ಹೊತ್ತಿಗೆ ಸಂಭಾಜಿನಗರದಲ್ಲಿ ಬೀಗರ ಕಡೆಯ ಒಂದು ಲಗ್ನ ಬಂತು. ನನಗೆ ಅರವತ್ತೈದು ದಾಟಿತ್ತು, ಎಸ್.ಟಿ. ಬಸ್ಸಿನಲ್ಲಿ ಅರ್ಧ ಟಿಕೀಟು. ಹೆಂಗಸರಿಗೆ 2023ರಿಂದಲೇ ಅರ್ಧ. ಹೀಗೆ ಗಂಡಹೆಂಡಿರಿಬ್ಬರೂ ಸೇರಿ ಒಂದು ಟಿಕೀಟಿನ ದುಡ್ಡಿನಲ್ಲಿ ಸೋಲಾಪುರ, ತುಳಜಾಪುರ, ಬೀಡದ ಮೇಲಿಂದ ಹೋದೆವು. ಲಗ್ನ ಮುಗಿದ ಮರುದಿನ ಬೆಳಿಗ್ಗೆ ಮಕಬರಾ.

ದೊಡ್ಡ ಬಾಗಿಲು ದಾಟಿದರೆ ಎದುರಿಗೆ ಉದ್ದಾನುದ್ದ ನೀರಿನ ಕಾಲುವೆ, ನಡುವೆ ಕಾರಂಜಿಗಳ ಸಾಲು, ಎರಡೂ ಬದಿಗೆ ಗಿಡಮರ. ಆವರಣ ಸಣ್ಣದಲ್ಲ, ದಕ್ಷಿಣೋತ್ತರ 458 ಮೀಟರು, ಪೂರ್ವ ಪಶ್ಚಿಮ 275 ಮೀಟರು. ಕೊನೆಯಲ್ಲಿ ಎತ್ತರದ ಕಟ್ಟೆ, ನಾಲ್ಕು ಮೂಲೆಗೆ ನಾಲ್ಕು ಮಿನಾರು, ನಡುವೆ ಗುಮ್ಮಟ. ದೂರದಿಂದ ಎಲ್ಲವೂ ಬೆಳ್ಳಗೆ. ಹತ್ತಿರ ಹೋದರೆ ಗುಟ್ಟು ತಿಳಿಯುತ್ತದೆ. ಗೋಡೆಯ ಕೆಳಭಾಗದಲ್ಲಷ್ಟೇ ಸಂಗಮರವರಿ. ಅಲ್ಲಿಂದ ಮೇಲೆ ಗುಮ್ಮಟದ ಬುಡದವರೆಗೆ ನಮ್ಮ ದಖ್ಖನ್ನಿನ ಕರಿಕಲ್ಲು. ಅದಕ್ಕೆ ನುಣ್ಣನೆಯ ಗಾರೆ ಮೆತ್ತಿ, ತಿಕ್ಕಿ ಹೊಳಪು ಕೊಟ್ಟಿದ್ದಾರೆ. ಗುಮ್ಮಟ ಮಾತ್ರ ಮತ್ತೆ ಸಂಗಮರವರಿ. ಗಾರೆ ಮಳೆಬಿಸಿಲಿಗೆ ಅಲ್ಲಲ್ಲಿ ಕಪ್ಪಾಗಿದೆ.

ಇಲ್ಲಿ ಮಲಗಿದವಳು ಔರಂಗಜೇಬನ ಹೆಂಡತಿ ದಿಲ್ರಸ್ ಬಾನು ಬೇಗಂ. ರಾಬಿಯಾ ಉದ್ ದೌರಾನಿ ಎಂಬ ಬಿರುದೂ ಅವಳಿಗಿದೆ. 1657ರಲ್ಲಿ, ಐದನೆಯ ಮಗು ಹುಟ್ಟಿದ ಸುಮಾರು ಒಂದು ತಿಂಗಳಿಗೆ ತೀರಿಕೊಂಡಳು. ಮಗ ಆಜಂ ಶಾಹ ತಾಯಿಗಾಗಿ ಕಟ್ಟಿಸಿದ ಗೋರಿ ಇದು ಎಂದು ಜನ ಹೇಳುತ್ತಾರೆ. ಆದರೆ ಅವನು ಹುಟ್ಟಿದ್ದು 1653ರಲ್ಲಿ. ತಾಯಿ ಹೋದಾಗ ನಾಲ್ಕು ವರ್ಷದ ಕೂಸು. ಕಟ್ಟಿಸಲು ಅಪ್ಪಣೆ ಕೊಟ್ಟವನು ತಂದೆಯೇ ಎನ್ನುವ ಇತಿಹಾಸಕಾರರಿದ್ದಾರೆ. ಜನರ ಬಾಯಲ್ಲಿ ಮಾತ್ರ ಮಗನ ಹೆಸರೇ ಉಳಿಯಿತು.

ಶಿಲ್ಪಿ ಅತಾ ಉಲ್ಲಾ, ಎಂಜಿನಿಯರ್ ಹಂಸಪತ್ ರಾಯ್ ಎಂದು ಬಾಗಿಲಿನ ಮೇಲಿನ ಬರಹ ಹೇಳುತ್ತದೆ. ಈ ಅತಾ ಉಲ್ಲಾ ತಾಜಮಹಲಿನ ಮುಖ್ಯ ಶಿಲ್ಪಿ ಉಸ್ತಾದ್ ಅಹಮದ್ ಲಾಹೋರಿಯ ಮಗ. ಕಲ್ಲು ಬಂದದ್ದು ಜಯಪುರದ ಕಡೆಯ ಗಣಿಗಳಿಂದ. ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಸೂರತ್ತಿನಿಂದ ಗೋಲ್ಕೊಂಡಕ್ಕೆ ಹೋಗುವಾಗ ಈ ಕಲ್ಲು ಹೇರಿದ ಸುಮಾರು ಮುನ್ನೂರು ಬಂಡಿಗಳನ್ನು ದಾರಿಯಲ್ಲಿ ಕಂಡೆನೆಂದು ಬರೆದಿದ್ದಾನೆ. ಒಂದೊಂದು ಬಂಡಿಗೆ ಕಡಿಮೆಯೆಂದರೂ ಹನ್ನೆರಡು ಎತ್ತು.

ಇನ್ನು ಖರ್ಚು. ಗುಲಾಂ ಮುಸ್ತಫಾ ಎಂಬವನ 'ತಾರೀಖ್ ನಾಮಾ'ದಲ್ಲಿ ಬರೆದಿರುವುದು ಇಷ್ಟು: ಆರು ಲಕ್ಷ ಅರವತ್ತೆಂಟು ಸಾವಿರದ ಇನ್ನೂರ ಮೂರು ರೂಪಾಯಿ, ಏಳು ಆಣೆ. ತಾಜಮಹಲಿಗೆ ಸಾಮಾನ್ಯವಾಗಿ ಹೇಳುವ ಮೊತ್ತ ಮೂರು ಕೋಟಿ ಇಪ್ಪತ್ತು ಲಕ್ಷ. ಭಾಗಿಸಿ ನೋಡಿ, ಹತ್ತಿರಹತ್ತಿರ ನಲವತ್ತೆಂಟು ಪಟ್ಟು. ಈ ಲೆಕ್ಕ ಕೇಳಿದವರೆಲ್ಲ "ಜಿಪುಣ" ಎಂದು ನಗುತ್ತಾರೆ. ನನ್ನ ಕಿವಿಯಲ್ಲಿ ಮಾತ್ರ ಆ ಏಳು ಆಣೆ ನಿಂತುಬಿಟ್ಟಿತು.

ಆಣೆಯ ಕಾಲ ನಾನು ಕಂಡವನಲ್ಲ. ಅಪ್ಪನ ಹಳೆಯ ಅಡತಿ ಪಟ್ಟಿಗಳಲ್ಲಿ ಓದಿ ಬಲ್ಲೆ. ಆದರೆ ಕೈಬರಹದ ಲೆಡ್ಜರಿನ ದಿನಗಳಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕಿದ್ದೇನೆ. ಕೆಲಸದ ಮೇಲೆ ಅಕ್ಕರೆ ಇಲ್ಲದವನು ಏಳು ಆಣೆ ಬರೆಯುವುದಿಲ್ಲ. "ಸುಮಾರು" ಎಂದು ಬರೆದು ಎದ್ದು ಹೋಗುತ್ತಾನೆ. ಸುಣ್ಣದವನಿಗೆ ಎಷ್ಟು, ಬಂಡಿಯವನಿಗೆ ಎಷ್ಟು ಎಂದು ಯಾವನೋ ಒಬ್ಬ ಕಾರಕೂನ ದೀಪದ ಮುಂದೆ ಕೂಡಿಸುತ್ತಾ ಕುಳಿತಿರಬೇಕು. ಲೆಕ್ಕ ಹಾಕುವುದೇ ಪ್ರೀತಿ ಇಲ್ಲದ ಲಕ್ಷಣವೇನಲ್ಲ ಎಂದು ನನಗೆ ಅಲ್ಲಿ ಸ್ವಲ್ಪ ಸಮಾಧಾನವಾಯಿತು. ತಮ್ಮನಿಗೆ ಇದನ್ನು ಹೇಳಿ ಗೆಲ್ಲಬೇಕು ಎಂದೂ ಅನಿಸಿತು. ಸುಳ್ಳೇಕೆ ಹೇಳಲಿ.

ಒಳಗೆ ಹೋದೆವು. ನಡುವೆ ಎಂಟು ಮೂಲೆಯ ತೆರಪು, ಸುತ್ತಲೂ ಸಂಗಮರವರಿಯ ಕಟಾಂಜನ. ಬಗ್ಗಿ ನೋಡಿದರೆ ಕೆಳಗಿನ ಅಂಕಣದಲ್ಲಿ ಗೋರಿ. ಅದರ ಸುತ್ತ ಕಲ್ಲಿನಲ್ಲಿ ಕೊರೆದ ಜಾಲರಿ, ಬಟ್ಟೆಯಷ್ಟು ನಯ. ಗೋರಿಗೆ ಮಾತ್ರ ಕಲ್ಲಿನ ಮುಚ್ಚಿಗೆ ಇಲ್ಲ. ಮಣ್ಣು, ಅದರ ಮೇಲೆ ಹೊದಿಸಿದ ಬಟ್ಟೆ. ನೋಡಲು ಬಂದವರು ಮೇಲಿನಿಂದ ಎಸೆದ ಚಿಲ್ಲರೆ, ನೋಟು ಸುತ್ತಲೂ ಬಿದ್ದಿದ್ದವು.

ನನ್ನ ಮನೆಯವಳು ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು. ಆಮೇಲೆ, "ಮ್ಯಾಗ ಇಷ್ಟೆಲ್ಲಾ ಕಟ್ಟ್ಯಾರ, ಆಕಿಗೆ ಮಾತ್ರ ಮಣ್ಣೇ ಬಿಟ್ಟಾರ ನೋಡ್ರಿ" ಎಂದಳು. ಸ್ವಲ್ಪ ತಡೆದು, "ನಿಮ್ಮ ತಮ್ಮ ಅವ್ವಗ ಒಂಬತ್ತು ವರ್ಷ ಉಣಿಸ್ಯಾನ. ನೀವು ಅದರ ಲೆಕ್ಕಾ ಎಂದರೆ ಕೇಳೀರೇನು?" ಎಂದಳು.

ನಾನು ಉತ್ತರ ಕೊಡಲಿಲ್ಲ. ಅಪ್ಪ ಹೋದ ಮೇಲೆ ಅವ್ವ ಒಂಬತ್ತು ವರ್ಷ ಊರಲ್ಲೇ ಇದ್ದಳು. ನಾನು ಸೋಲಾಪುರದಿಂದ ತಿಂಗಳಿಗೊಮ್ಮೆ ಔಷಧದ ದುಡ್ಡು ಕಳಿಸುತ್ತಿದ್ದೆ. ತಾರೀಖು ಸಹಿತ ನನ್ನ ಡೈರಿಯಲ್ಲಿದೆ. ರಾತ್ರಿ ಎದ್ದು ಅವಳನ್ನು ಹಿತ್ತಲಿಗೆ ಕೈಹಿಡಿದು ಒಯ್ದವನು ಅವನು. ಅದು ಯಾವ ಡೈರಿಯಲ್ಲೂ ಇಲ್ಲ. ಜಮಾ ಕಲಮನ್ನೇ ನೋಡದೆ ನಾನು ಅವನ ಖರ್ಚಿನ ಕಲಮಿಗೆ ಕೆಂಪು ಗೆರೆ ಎಳೆದಿದ್ದೆ.

ಮಧ್ಯಾಹ್ನ ಖುಲ್ದಾಬಾದಿಗೂ ಹೋದೆವು. 1707ರಲ್ಲಿ ತೀರಿಕೊಂಡ ಔರಂಗಜೇಬನ ಗೋರಿ ಅಲ್ಲಿದೆ. ಮೇಲೆ ಮಾಡು ಇಲ್ಲ, ಆಕಾಶವೇ. ಟೊಪ್ಪಿಗೆ ಹೊಲಿದು ಗಳಿಸಿದ ಹದಿನಾಲ್ಕು ರೂಪಾಯಿ ಹನ್ನೆರಡು ಆಣೆಯಲ್ಲಿ ಅದನ್ನು ಮಾಡಿದರೆಂದು ಹೇಳುವ ವಾಡಿಕೆ. ಅಲ್ಲಿಯೂ ಆಣೆಯ ಲೆಕ್ಕ.

ಸಂಜೆ ಬಸ್ ನಿಲ್ದಾಣದಿಂದಲೇ ತಮ್ಮನಿಗೆ ಫೋನು ಮಾಡಿದೆ. ಗೆಲ್ಲಬೇಕೆಂದು ಕಟ್ಟಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. "ಅವ್ವನ ಗದ್ದಿಗಿ ಹ್ಯಾಂಗ ಇರಬೇಕಂತ ನಿನ್ನ ಮನಸಿನ್ಯಾಗ ಐತಿ, ಅದನ್ನ ಮೊದಲು ಹೇಳು" ಎಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಊರಿಗೆ ಬಾ, ಕುಂತು ಮಾತಾಡೂಣು" ಎಂದ.

ಹೋದೆ. ಮಕಬರಾದ ಗಾರೆಯ ಹಿಂದೆ ಇರುವುದು ನಮ್ಮ ಹೊಲದ ಕರಿಕಲ್ಲೇ ಎಂದಾಗ ಅವನು ನಂಬಲಿಲ್ಲ, ಫೋಟೋ ತೋರಿಸಿದೆ. ಕಡೆಗೆ ಅಪ್ಪ ಅವ್ವ ಇಬ್ಬರಿಗೂ ಸೇರಿಸಿ ಊರಿನ ಕಲ್ಲುಕುಟಿಗರಿಂದಲೇ ಕರಿಕಲ್ಲಿನ ಕಟ್ಟೆ ಕಟ್ಟಿಸಿದೆವು. ಅವನ ಆಸೆಯಂತೆ ಅವ್ವನ ತಲೆದಿಕ್ಕಿಗೆ ಒಂದು ಸಂಗಮರವರಿ ಹಲಗೆ, ಅದರಲ್ಲಿ ಕನ್ನಡದಲ್ಲಿ ಅವಳ ಹೆಸರು. ಕಟ್ಟೆಯ ನಡುವೆ ಮಣ್ಣನ್ನು ಹಾಗೇ ಬಿಟ್ಟು ತುಳಸಿ ಹಚ್ಚಿದ್ದೇವೆ.

ಕೆಲಸ ಮುಗಿದ ವಾರಕ್ಕೆ ತಮ್ಮ ಒಂದು ಕಾಗದ ಕಳಿಸಿದ. ಪೂರ್ತಿ ಖರ್ಚಿನ ಪಟ್ಟಿ, ಅವನ ಕೈಬರಹದಲ್ಲೇ. ಕಲ್ಲು, ಉಸುಕು, ಸಿಮೆಂಟು, ಕುಟಿಗರ ಚಹಾ. ಕೊನೆಯ ಸಾಲು, ಟೆಂಗಿನಕಾಯಿ ಎರಡು, ಅರವತ್ತು ರೂಪಾಯಿ. ಕೂಡಿಸಿ ನೋಡಿದೆ, ತಾಳೆಯಾಯಿತು. ಆ ಕಾಗದವನ್ನು ಅಪ್ಪನ ಅಡತಿ ಪಟ್ಟಿಗಳ ಜೊತೆಗೇ ಇಟ್ಟಿದ್ದೇನೆ.

ನೀವು ಆ ಕಡೆ ಹೋದರೆ ಮಕಬರಾಕ್ಕೆ ಅರ್ಧ ತಾಸಿಗಿಂತ ಹೆಚ್ಚು ಕೊಡಿ. ಗುಮ್ಮಟ ನೋಡಿ, ಗಾರೆಯನ್ನೂ ನೋಡಿ. ಕಟಾಂಜನದ ಮೇಲಿಂದ ಬಗ್ಗಿ ಕೆಳಗೂ ನೋಡಿ.